ಲಿಫ್ಟು ಸರಿಯಿದೆ ಎಂದವರು

ಗುದ್ದು ಸಾಹೇಬರಿಗೆ ಆ ಹೆಸರು ಬಂದದ್ದು ಅವರ ಮುಷ್ಟಿಯಿಂದ. ಲಿಫ್ಟ್ ಪರೀಕ್ಷೆಗೆ ಬರುವವರು ಮೀಟರು, ಅಳತೆ ಟೇಪು, ಟಾರ್ಚು ಹಿಡಿದು ಬರುತ್ತಾರೆ, ಇವರೂ ತರುತ್ತಿದ್ದರು. ಆದರೆ ಎಲ್ಲವನ್ನೂ ಬರೆದುಕೊಂಡಾದ ಮೇಲೆ ಲಿಫ್ಟಿನೊಳಗೆ ನಿಂತು ಎಡಗೋಡೆಗೊಂದು, ಬಲಗೋಡೆಗೊಂದು ಗುದ್ದು ಹಾಕಿ ಕಿವಿಗೊಟ್ಟು ಕೇಳುತ್ತಿದ್ದರು. ಸಡಿಲವಾದ ಬೋಲ್ಟು, ಸವೆದ ಹಳಿ, ಎಲ್ಲವೂ ಆ ಸದ್ದಿನಲ್ಲೇ ಬಾಯಿ ಬಿಡುತ್ತವೆ ಎಂಬುದು ಅವರ ವಾದ. ಬಿಡುತ್ತಿದ್ದವೋ ಇಲ್ಲವೋ ದೇವರೇ ಬಲ್ಲ. ಅವರು ‘ಸರಿಯಿದೆ’ ಎಂದು ಸಹಿ ಹಾಕಿದ ಲಿಫ್ಟು ಮೂವತ್ತೊಂದು ವರ್ಷದಲ್ಲಿ ಒಂದೂ ಕೈಕೊಟ್ಟಿರಲಿಲ್ಲ. ‘ಸರಿಯಿಲ್ಲ’ ಎಂದದ್ದನ್ನು ಓಡಿಸುವ ಧೈರ್ಯ ಯಾರೂ ಮಾಡಿರಲಿಲ್ಲ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೂ ಜನ ಅವರನ್ನು ಬಿಡಲಿಲ್ಲ. ಆ ಊರಿನಲ್ಲಿ ಅವರ ಸಹಿಗೆ ಅಷ್ಟು ಬೆಲೆ.

ಇಂಥವರು ವಾಸವಿದ್ದದ್ದು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ನಗುವವರು ನಗಲಿ. ಮದುವೆಯಾದ ಹೊಸದರಲ್ಲಿ ಹಿಡಿದ ಮನೆ ಅದು. ಆಗ ಹೆಂಡತಿ ಆ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಇಳಿಯುತ್ತಿದ್ದರು. ಈಗ ಅವರ ಎರಡೂ ಮಂಡಿ ಕೂತುಬಿಟ್ಟಿದ್ದವು. ಎಂಟು ತಿಂಗಳಿಂದ ಆಕೆ ನೆಲ ಮುಟ್ಟಿರಲಿಲ್ಲ. ಬೇರೆ ಮನೆ ಹುಡುಕಬಹುದಿತ್ತಲ್ಲ ಎಂದರೆ, ಆ ಬೀದಿಗಳಲ್ಲಿ ನೆಲಮಹಡಿಯೆಂಬುದೆಲ್ಲ ಅಂಗಡಿ. ಅಂಗಡಿಯಲ್ಲದ್ದು ಪಿಂಚಣಿಗೆ ನಿಲುಕುತ್ತಿರಲಿಲ್ಲ. ಆಕೆ ಬೆಳಗ್ಗೆ ಎದ್ದವರೇ ಕಿಟಕಿಗೆ ಬಂದು ಕೂರುತ್ತಿದ್ದರು.

“ನನಗೆ ಜನರ ಮುಖವೇ ಮರೆತುಹೋಗಿದೆ ಕಣ್ರೀ,” ಎಂದು ಒಂದು ದಿನ ಹೇಳಿದರು. “ತಲೆ ಮಾತ್ರ ಗೊತ್ತು. ಆ ಬ್ಯಾಂಕಿನವನಿಗೆ ನಡುನೆತ್ತಿ ಬೋಳಾಗ್ತಾ ಇದೆ. ಪಾಪ, ಅವನಿಗಿನ್ನೂ ಗೊತ್ತಿಲ್ಲ.”

ಸಾಹೇಬರು ನಕ್ಕರು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಕೈ ತೊಳೆಯುವ ನೆಪದಲ್ಲಿ ಸುಮ್ಮನೆ ನಿಂತರು. ಊರಿನವರನ್ನೆಲ್ಲ ಮೇಲೆ ಕೆಳಗೆ ಸಾಗಿಸುವ ಯಂತ್ರಗಳಿಗೆ ಇವರ ಅಪ್ಪಣೆ ಬೇಕು, ಮನೆಯಾಕೆಯನ್ನು ಮಾತ್ರ ಒಂದು ಮಹಡಿ ಇಳಿಸಲಾರರು.

ಇಂಥ ಹೊತ್ತಿನಲ್ಲಿ ಮಾಲೀಕ ಬಂದ. ಹಳೆಯ ಚೌಕದ ಹತ್ತಿರ ಐದು ಮಹಡಿಯ ಕಟ್ಟಡವೊಂದಿದೆ, ಅದರ ಮಾಲೀಕ. ದುಂಡಗಿನ, ನಯವಾದ ಮನುಷ್ಯ. ನಾಲ್ಕು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕುಸಿದು, ಉಸಿರು ಸಿಕ್ಕಿದ ಮೇಲೆ ವಿಷಯಕ್ಕೆ ಬಂದ. ಕಟ್ಟಡವನ್ನು ಖಾಲಿ ಮಾಡಿಸಿ ಕಚೇರಿಗಳಿಗೆ ಕೊಡಬೇಕೆಂದಿದ್ದ. ಆದರೆ ಮೇಲಿನ ಬಾಡಿಗೆದಾರರು ಹಳಬರು, ಕಾನೂನು ಅವರ ಕಡೆಗಿತ್ತು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು.

“ಆ ಲಿಫ್ಟು ಉಪಯೋಗಕ್ಕಿಲ್ಲ ಅಂತ ನೀವು ಒಂದು ಸಾಲು ಬರೆದ್ರೆ ಸಾಕು. ಬೇರೆಯವರು ಬರೆದ್ರೆ ಯಾರೂ ನಂಬಲ್ಲ. ನೀವು ಬರೆದ್ರೆ ಮುಗೀತು,” ಎಂದ.

“ನಾನು ಕಂಡದ್ದನ್ನ ಬರಿಯೋನು,” ಎಂದರು ಸಾಹೇಬರು. ಕಾಫಿಯನ್ನೂ ಕೊಡದೆ ಕಳಿಸಿದರು. ಅವತ್ತು ಅವರಿಗೆ ತಮ್ಮ ಬಗ್ಗೆ ತುಂಬ ಹೆಮ್ಮೆಯಾಗಿತ್ತು. ಆ ಹೆಮ್ಮೆ ಎಂಟು ದಿನ ಇತ್ತು. ಒಂಬತ್ತನೆಯ ದಿನ ಮಾಲೀಕ ಮತ್ತೆ ಬಂದ. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ಕಿಟಕಿಯ ಬಳಿ ಕೂತಿದ್ದ ಮನೆಯಾಕೆಯನ್ನು ನೋಡಿ ನಮಸ್ಕರಿಸಿ, ಒಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

“ಅದೇ ಕಟ್ಟಡದಲ್ಲಿ, ನೆಲಮಹಡಿ, ಹಿಂಭಾಗ. ಎರಡು ಕೋಣೆ, ಹೊಸಿಲು ದಾಟಿದ್ರೆ ಅಂಗಳ. ನೀವು ಇರೋವರೆಗೂ ನಿಮ್ಮದೇ ಅಂದ್ಕೊಳ್ಳಿ. ಬನ್ನಿ ಸಾರ್, ಸುಮ್ಮನೆ ಒಂದ್ಸಲ ಲಿಫ್ಟ್ ನೋಡಿ. ನೋಡೋಕೇನು?”

ನೋಡೋಕೇನು ಎಂಬ ಮಾತು ಎಷ್ಟು ಜನರನ್ನು ಹಾಳು ಮಾಡಿದೆಯೋ. ಬೇಡ ಎಂದು ಮೊದಲ ಸಲವೇ ಹೇಳಿದ ಮೇಲೆ ಎರಡನೆಯ ಸಲ ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಆದರೆ ಹೆಂಡತಿ ಆ ಬೀಗದ ಕೈಯನ್ನು ನೋಡಿದ್ದನ್ನು ಸಾಹೇಬರು ನೋಡಿಬಿಟ್ಟಿದ್ದರು. “ಬರ್ತೀನಿ. ಬರಿಯೋದು ಮಾತ್ರ ಇದ್ದದ್ದನ್ನೇ,” ಎಂದರು.

ಅದು ಹಳೆಯ ನಮೂನೆಯ ಲಿಫ್ಟು. ಕೈಯಿಂದ ಎಳೆಯುವ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿಕೆ. ಹಿಡಿಕೆ ತಿರುಗಿಸಲು ಒಬ್ಬ ಲಿಫ್ಟ್‌ಮ್ಯಾನ್ ಇದ್ದ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಇಪ್ಪತ್ತಾರು ವರ್ಷದಿಂದ ಅದೇ ಲಿಫ್ಟಿನಲ್ಲಿ ನಿಂತು ಸವೆದಿದ್ದ. ಪ್ರತಿ ವರ್ಷದ ಪರೀಕ್ಷೆಗೂ ಸಾಹೇಬರನ್ನು ಮೇಲಕ್ಕೆ ಒಯ್ದವನು ಅವನೇ. ಆ ದಿನ ಮೂರನೇ ಮಹಡಿ ದಾಟಿ, ನಾಲ್ಕನೆಯದು ಬರುವ ಮೊದಲು, ಅವನು ಹಿಡಿಕೆಯನ್ನು ಹಿಂದಕ್ಕೆ ತಂದು ಲಿಫ್ಟನ್ನು ನಿಲ್ಲಿಸಿಬಿಟ್ಟ. ಜಾಲರಿಯ ಆಚೆ ಒರಟು ಇಟ್ಟಿಗೆ ಗೋಡೆ. ಮೂವರು ನಿಂತರೆ ನಾಲ್ಕನೆಯವರಿಗೆ ಜಾಗವಿಲ್ಲದಷ್ಟು ಇಕ್ಕಟ್ಟು.

“ಯಾಕಯ್ಯಾ ನಿಲ್ಲಿಸ್ದೆ?”

“ವರ್ಷದ ಪರೀಕ್ಷೆ ಆಗಿ ನಾಲ್ಕು ತಿಂಗಳೂ ಆಗಿಲ್ಲ ಸಾರ್. ಈಗ ಮತ್ತೆ ಯಾಕೆ ಬಂದ್ರಿ?”

“ಅದು ನಿನಗ್ಯಾಕೆ? ನಡಿ ಮೇಲೆ.”

ಅವನು ಹಿಡಿಕೆ ಮುಟ್ಟಲಿಲ್ಲ. ಸಾಹೇಬರಿಗೆ ರೇಗಿತು. “ಮಧ್ಯದಲ್ಲಿ ಕೆಟ್ಟು ನಿಲ್ಲೋ ಲಿಫ್ಟು ಅಂತ ಬರೀಲಾ? ಒಂದು ಸಾಲು ಬರೆದ್ರೆ ನಿನ್ನ ಕೆಲಸ ಹೋಗುತ್ತೆ, ಗೊತ್ತಾ?”

“ಲಿಫ್ಟು ಕೆಟ್ಟಿಲ್ಲ ಸಾರ್. ನಿಲ್ಲಿಸಿದ್ದು ನಾನು. ಇಪ್ಪತ್ತಾರು ವರ್ಷದಿಂದ ನಿಮ್ಮನ್ನ ಹತ್ತಿಸಿ ಇಳಿಸಿದ್ದೀನಿ. ಒಂದು ದಿನಾನಾದ್ರೂ ಹೀಗೆ ಮಾಡಿದ್ನಾ?”

“ಇಲ್ಲ,” ಎಂದರು ಸಾಹೇಬರು.

“ಇವತ್ತು ಮಾಡ್ತಿದ್ದೀನಿ ಅಂದ್ರೆ ಏನೋ ಇರ್ಬೇಕಲ್ವಾ? ಐದನೇ ಮಹಡೀಲಿ ಟೀಚರಮ್ಮ ಇದ್ದಾರೆ. ಸೊಂಟದ ಮೂಳೆ ಮುರಿದು ಕಬ್ಬಿಣ ಹಾಕಿಸ್ಕೊಂಡಿದ್ದಾರೆ, ಮೆಟ್ಟಿಲು ಇಳಿಯೋ ಹಾಗೇ ಇಲ್ಲ. ನೋಡ್ಕೊಂಡು ಬರೀರಿ ಸಾರ್. ಅಷ್ಟೇ.” ಹೀಗೆಂದು ಅವನು ಹಿಡಿಕೆ ತಿರುಗಿಸಿದ.

ಸಾಹೇಬರು ಮೊದಲು ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹೋದರು. ಮೋಟಾರು, ಬ್ರೇಕು, ಹಗ್ಗ ಮೂರೂ ನೋಡಿದರು. ಮೆಟ್ಟಿಲು ಹತ್ತಿ ಬಂದ ಮಾಲೀಕ ಏದುಸಿರು ಬಿಡುತ್ತ ಪಕ್ಕದಲ್ಲೇ ನಿಂತಿದ್ದ. ಉಕ್ಕಿನ ಹಗ್ಗದ ಒಂದೇ ಒಂದು ಎಳೆ ಮುರಿದಿರಲಿಲ್ಲ. “ಇಲ್ಲಿ ಸರಿಯಿದೆ,” ಎಂದರು. ಹಾಗಾದರೆ ಕೆಳಗೆ ಹೋಗೋಣ, ಅಲ್ಲಿಂದ ಏನಾದರೂ ಕಂಡೀತು ಎಂದ ಮಾಲೀಕ. ಇಬ್ಬರೂ ಲಿಫ್ಟಿನ ತಳದ ಗುಂಡಿಗೆ ಇಳಿದರು. ಸ್ಪ್ರಿಂಗುಗಳಿಗೆ ಗ್ರೀಸ್ ಹಚ್ಚಿತ್ತು, ಒಂದು ಹನಿ ನೀರಿರಲಿಲ್ಲ. ಲಿಫ್ಟ್‌ಮ್ಯಾನ್ ಗುಂಡಿಯನ್ನೂ ಗುಡಿಸುತ್ತಿದ್ದನಂತೆ. “ಇಲ್ಲೂ ಸರಿಯಿದೆ.” ಮಾಲೀಕನ ಮುಖ ಕೆಂಪಾಯಿತು. ಕೊನೆಗೆ ಲಿಫ್ಟಿನೊಳಗೆ ನಿಂತು ಎಡಕ್ಕೊಂದು ಬಲಕ್ಕೊಂದು ಗುದ್ದಿದರು. ಆ ಗೋಡೆಗಳು ಕೊಟ್ಟ ಸದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಸಾಹೇಬರಿಗೆ ತಮ್ಮ ಮೇಲೇ ಸಿಟ್ಟು ಬಂತು. ಒಂದು ಸಡಿಲ ಬೋಲ್ಟಾದರೂ ಇರಬಾರದಿತ್ತೇ!

ಅವರ ಕೈ ಕಂಡದ್ದನ್ನು ಬಿಟ್ಟು ಬೇರೆ ಬರೆಯಲಿಲ್ಲ. ಬರೆಯಲು ಪ್ರಯತ್ನಿಸಿದರು ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ‘ಹಳೆಯದಾಗಿರುವುದರಿಂದ’ ಎಂದು ಶುರು ಮಾಡಿ, ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡರು. ಇನ್ನೊಂದು ಹಾಳೆಯಲ್ಲಿ ‘ಈ ಲಿಫ್ಟು ಸರಿಯಿದೆ. ಇನ್ನೂ ಹತ್ತು ವರ್ಷ ನಿಶ್ಚಿಂತೆಯಿಂದ ಓಡಬಲ್ಲದು’ ಎಂದು ಬರೆದು ಸಹಿ ಹಾಕಿದರು. ನಿಯಮದಂತೆ ಒಂದು ಪ್ರತಿಯನ್ನು ಲಿಫ್ಟಿನೊಳಗೆ ಅಂಟಿಸಿದರು.

“ಬೈಯೋಕೆ ಅಂತ ಕರ್ಕೊಂಡ್ ಬಂದ್ರೆ ಹೊಗಳಿ ಹೋಗ್ತಿದ್ದೀರಲ್ರೀ!” ಎಂದ ಮಾಲೀಕ, ತನ್ನ ಕಚೇರಿಯಲ್ಲಿ. ಅವತ್ತು ವಾಪಸ್ ಒಯ್ದಿದ್ದ ಅದೇ ಬೀಗದ ಕೈ ಮೇಜಿನ ಮೇಲಿತ್ತು. ಅವನು ಡ್ರಾಯರ್ ಎಳೆದು ಅದನ್ನು ಒಳಗೆ ಹಾಕಿದ.

ಸಾಹೇಬರು ಎದ್ದು ಬಾಗಿಲವರೆಗೂ ಹೋಗಿದ್ದರು. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ತಿರುಗಿ ನಿಂತರು. “ಲಿಫ್ಟಿನಲ್ಲಿ ದೋಷ ಇಲ್ಲ,” ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಆದ್ರೆ ಜಾಲರಿ ಬಾಗಿಲಿನ ಲಿಫ್ಟನ್ನ ತರಬೇತಿಯಾದ ಆಪರೇಟರ್ ಇಲ್ಲದೆ ಓಡಿಸೋ ಹಾಗಿಲ್ಲ. ಅದು ಕಾಯಿದೆ. ಆಪರೇಟರ್ ಇಡಲೇಬೇಕು ಅಂತ ಮಾತ್ರ ಕಾಯಿದೆಯಲ್ಲಿ ಎಲ್ಲೂ ಬರೆದಿಲ್ಲ.”

ಮಾಲೀಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ ಡ್ರಾಯರ್ ತೆಗೆದ.

ಅವರು ಸುಳ್ಳು ಹೇಳಿರಲಿಲ್ಲ. ಇದ್ದ ಕಾಯಿದೆಯನ್ನು ಇದ್ದ ಹಾಗೆ ಹೇಳಿದ್ದರು. ಮನೆ ತಲುಪುವಷ್ಟರಲ್ಲಿ ಸಾಹೇಬರು ಈ ಮಾತನ್ನು ತಮಗೆ ತಾವೇ ಹತ್ತಾರು ಸಲ ಹೇಳಿಕೊಂಡಿದ್ದರು.

ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಿದರು. ಹೊಸ ಮನೆಯ ಹೊಸಿಲು ದಾಟಿ, ಅಂಗಳಕ್ಕೆ ಕಾಲಿಟ್ಟು, ಆಕೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಅಷ್ಟೇ, ಅಳು ಬಂದುಬಿಟ್ಟಿತು. “ತಣ್ಣಗಿದೆ ಕಣ್ರೀ,” ಎಂದರು. ಆ ಒಂದು ಗಳಿಗೆಗೆ ಸಾಹೇಬರು ಏನು ಬೇಕಾದರೂ ಮಾಡಿಯಾರು ಎಂದು ಯಾರಿಗಾದರೂ ಅನ್ನಿಸಬಹುದು. ಮಾಡಿಯೂ ಆಗಿತ್ತು.

ಎರಡು ವಾರದ ನಂತರ ಲಿಫ್ಟ್‌ಮ್ಯಾನ್ ಕಾಣಿಸಲಿಲ್ಲ. ಲಿಫ್ಟಿನ ಹೊರಬಾಗಿಲಿಗೆ ಬೀಗ ಬಿತ್ತು; ಆಪರೇಟರ್ ಇಲ್ಲದ ಕಾರಣ ಎಂದು ಚೀಟಿ. “ಎಲ್ಲಿ ಹೋದ ಆ ಪುಣ್ಯಾತ್ಮ?” ಎಂದು ಹೆಂಡತಿ ಕೇಳಿದರೆ, “ಬೇರೆ ಕಡೆ ಕೆಲಸ ಸಿಕ್ಕಿರ್ಬೇಕು,” ಎಂದು ಸಾಹೇಬರು ಪೇಪರ್ ಮೇಲೆತ್ತಿ ಮುಖ ಮುಚ್ಚಿಕೊಂಡರು. ನಾಲ್ಕನೇ ಮಹಡಿಯ ಉಬ್ಬಸದ ಮನುಷ್ಯ ಮಗಳ ಮನೆಗೆ ಹೋದ. ಕೈಗೂಸಿದ್ದ ದಂಪತಿ ಹೋದರು. ಸಾಮಾನು ಇಳಿಸುವವರು ಮೆಟ್ಟಿಲಲ್ಲಿ ಬೀರು ಇಳಿಸುವ ಸದ್ದು ನೆಲಮಹಡಿಯ ಗೋಡೆಗೆ ದಿನವೂ ಕೇಳಿಸುತ್ತಿತ್ತು. ಸದ್ದು ಕೇಳಿಯೇ ಎಲ್ಲವನ್ನೂ ಹೇಳಬಲ್ಲ ಮನುಷ್ಯನಿಗೆ ಅದನ್ನು ಕೇಳದಿರಲು ಸಾಧ್ಯವಿರಲಿಲ್ಲ.

ಕೊನೆಗೆ ಮೇಲೆ ಉಳಿದದ್ದು ಐದನೇ ಮಹಡಿಯ ಟೀಚರು ಒಬ್ಬರೇ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಶಾಲೆಯಲ್ಲಿ ಧರ್ಮಗ್ರಂಥ ಪಾಠ ಮಾಡಿದವರು. ಎಲ್ಲಿಗೂ ಹೋಗಲು ಅವರಿಗೆ ಯಾರೂ ಇರಲಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದನ್ನು ಅಂಗಳಕ್ಕೆ ಇಳಿಬಿಟ್ಟು, ತರಕಾರಿಯವನಿಂದ ತರಕಾರಿ ತೆಗೆದುಕೊಳ್ಳುತ್ತಿದ್ದರು. ಸಾಹೇಬರ ಹೆಂಡತಿ ಮೊದಲ ದಿನವೇ ಆ ಬುಟ್ಟಿಗೆ ಎರಡು ಬಿಸಿ ರೊಟ್ಟಿ ಹಾಕಿದರು. ಮರುದಿನ ಬುಟ್ಟಿಯಲ್ಲಿ ಚೀಟಿ ಬಂತು: ‘ರೊಟ್ಟಿ ಚೆನ್ನಾಗಿತ್ತು. ಉಪ್ಪು ಕಡಿಮೆ.’ ಅಲ್ಲಿಂದ ಇಬ್ಬರೂ ಅಕ್ಕ, ತಂಗಿ ಆಗಿಬಿಟ್ಟರು. ಒಬ್ಬರು ಹತ್ತಲಾರರು, ಒಬ್ಬರು ಇಳಿಯಲಾರರು. ಐದು ಮಹಡಿಯ ಅಂತರದಲ್ಲಿ ಕೂಗಿ ಮಾತಾಡಿ, ಇಡೀ ಅಂಗಳಕ್ಕೆ ಇಬ್ಬರ ಸಂಸಾರದ ಗುಟ್ಟೂ ಗೊತ್ತಾಯಿತು.

“ಅಕ್ಕನಿಗೆ ನಿಮ್ಮ ಮೇಲೆ ಎಷ್ಟು ಗೌರವ ಗೊತ್ತಾ?” ಎಂದರು ಹೆಂಡತಿ. “ಹೋಗಿ ಒಂದ್ಸಲ ಮಾತಾಡಿಸ್ಕೊಂಡ್ ಬನ್ನಿ.”

ಸಾಹೇಬರು ಒಂದಲ್ಲ ಒಂದು ನೆಪ ಹೇಳಿ ಎರಡು ತಿಂಗಳು ತಪ್ಪಿಸಿಕೊಂಡರು. ಅಂಗಳಕ್ಕೆ ಹೋದರೆ ಮೇಲಿನ ಕಿಟಕಿ, ಬಾಗಿಲಿಗೆ ಬಂದರೆ ಬೀಗ ಹಾಕಿದ ಲಿಫ್ಟು, ಜಾಲರಿಯ ಸಂದಿಯಲ್ಲಿ ತಮ್ಮದೇ ಸಹಿ. ಹೆಂಡತಿಗೆ ಬಿಡುಗಡೆಯಾದ ಮನೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತು. ಒಂದು ಬೆಳಗ್ಗೆ ಬುಟ್ಟಿಯ ಹಗ್ಗ ಎರಡನೇ ಮಹಡಿಯ ಪೈಪಿಗೆ ಸಿಕ್ಕಿಕೊಂಡಿತು. ಒಳಗೆ ಟೀಚರ ಮಾತ್ರೆ ಇತ್ತು. ಇನ್ನು ನೆಪ ಉಳಿಯಲಿಲ್ಲ. ಹಗ್ಗ ಬಿಡಿಸಿ, ಮಾತ್ರೆ ಹಿಡಿದು ತೊಂಬತ್ತೆರಡು ಮೆಟ್ಟಿಲು ಹತ್ತಿದರು.

ಟೀಚರು ನಡೆಗೋಲಿನ ಚೌಕಟ್ಟು ಹಿಡಿದು ಬಾಗಿಲಿಗೇ ಬಂದರು. “ಬನ್ನಿ ಸಾಹೇಬ್ರೇ, ಬನ್ನಿ. ನೀವು ಆ ಕಾಗದ ಬರೆದ ದಿನಾನೇ ಲಿಫ್ಟ್‌ಮ್ಯಾನ್ ಎಲ್ಲ ಹೇಳಿದ. ಆ ಮಾಲೀಕ ಏನೇನೋ ಆಮಿಷ ತೋರಿಸಿದ್ನಂತೆ, ನೀವು ಜಗ್ಗಲಿಲ್ಲವಂತೆ. ನಾನು ಅವತ್ತೇ ಅಂದ್ಕೊಂಡೆ, ಇವರು ನಮ್ಮ ಬಿಳಾಮ ಅಂತ.”

“ಯಾರದು?” ಎಂದರು ಸಾಹೇಬರು. ಅವರು ಮೆಷಿನ್ ಕೈಪಿಡಿ ಬಿಟ್ಟು ಬೇರೆ ಪುಸ್ತಕ ಓದಿದವರಲ್ಲ.

ಪಾಠ ಹೇಳಿ ಎಷ್ಟೋ ವರ್ಷವಾಗಿದ್ದ ಟೀಚರಿಗೆ ಅಷ್ಟು ಸಾಕಾಯಿತು. “ಕೂತ್ಕೊಳ್ಳಿ. ಹಳೇ ಯಹೂದಿ ಗ್ರಂಥದಲ್ಲಿ ಬರ್ತಾನೆ. ಅವರ ಕುಲದವನಲ್ಲ, ಪರದೇಶದವನು. ಆದ್ರೂ ದೇವರ ಮಾತು ಅವನಿಗೆ ಕೇಳಿಸ್ತಿತ್ತು. ಅವನು ಶಪಿಸಿದ್ರೆ ತಟ್ಟುತ್ತೆ, ಹರಸಿದ್ರೆ ಫಲಿಸುತ್ತೆ ಅಂತ ಹೆಸರು. ಮೋವಾಬ್ ಅನ್ನೋ ದೇಶದ ರಾಜನಿಗೆ ಇಸ್ರಾಯೇಲಿನ ಜನರನ್ನ, ಅಂದ್ರೆ ಈ ಯಹೂದಿಗಳನ್ನ, ಕಂಡ್ರೆ ಭಯ. ಬಂದು ಇವರನ್ನ ಶಪಿಸು ಅಂತ ಅವನಿಗೆ ಹೇಳಿಕಳಿಸಿದ. ಮೊದಲ ಸಲ ಬಂದವರನ್ನ ಬಿಳಾಮ ವಾಪಸ್ ಕಳಿಸಿದ. ಎರಡನೇ ಸಲ ಇನ್ನೂ ದೊಡ್ಡವರು ಬಂದ್ರು. ಹೊರಟ, ಕತ್ತೆ ಮೇಲೆ.”

“ಕತ್ತೆ ಮೇಲೆ?”

“ಹೂಂ. ದಾರೀಲಿ ಅವನನ್ನ ತಡೆಯೋಕೆ ದೇವದೂತ ಕತ್ತಿ ಹಿರಿದು ನಿಂತಿದ್ದಾನೆ. ಕತ್ತೆಗೆ ಕಾಣುತ್ತೆ, ದೊಡ್ಡ ಪ್ರವಾದಿಗೆ ಕಾಣಲ್ಲ! ಒಂದ್ಸಲ ಹೊಲಕ್ಕೆ ನುಗ್ಗುತ್ತೆ. ಇನ್ನೊಂದ್ಸಲ ಎರಡು ಗೋಡೆ ಮಧ್ಯೆ ಇವನ ಕಾಲನ್ನ ಒತ್ತಿಬಿಡುತ್ತೆ. ಮೂರನೇ ಸಲ ಮಲಗೇ ಬಿಡುತ್ತೆ. ಇವನು ಹೊಡೆದಿದ್ದೂ ಹೊಡೆದಿದ್ದೇ. ಆಗ ಅದು ಬಾಯಿ ಬಿಟ್ಟು ಕೇಳಿತು, ಇಷ್ಟು ವರ್ಷ ನಿನ್ನನ್ನ ಹೊತ್ತೆನಲ್ಲ, ಯಾವತ್ತಾದ್ರೂ ಹೀಗೆ ಮಾಡಿದ್ನಾ ಅಂತ.”

ಸಾಹೇಬರು ಕುರ್ಚಿಯ ಅಂಚಿಗೆ ಸರಿದರು. “ಅವನು ಏನಂದ?”

“ಇಲ್ಲ ಅಂದ. ಇನ್ನೇನು ಹೇಳ್ತಾನೆ?” ಟೀಚರು ಖುಷಿಯಾಗಿ ನಕ್ಕರು. “ಆಮೇಲೆ ರಾಜ ಅವನನ್ನ ಆ ಜನ ಕಾಣೋ ಒಂದು ಗುಡ್ಡಕ್ಕೆ ಕರ್ಕೊಂಡ್ ಹೋದ, ಶಪಿಸೋಕೆ ಅಂತ ಬಾಯಿ ತೆಗೆದ್ರೆ ಆಶೀರ್ವಾದ. ಇನ್ನೊಂದು ಕಡೆಯಿಂದ ನೋಡು ಅಂದ, ಅಲ್ಲೂ ಆಶೀರ್ವಾದ. ಮೂರನೇ ಕಡೆಯಿಂದಲೂ ಅದೇ. ನಿಮ್ಮ ಹಾಗೇ. ಕೊಂಡುಕೊಳ್ಳೋಕೆ ಆಗದ ಮಾತು ಒಂದಿರುತ್ತೆ ಅನ್ನೋದು ಮಕ್ಕಳಿಗೆ ನಾನು ಬರೆಸ್ತಿದ್ದ ಮೊದಲ ಪಾಠ. ದೊಡ್ಡವರಿಗೆ ಕಾಣದ್ದು ಕತ್ತೆಗೂ ಕಾಣಬಹುದು ಅನ್ನೋದು ಎರಡನೇದು.”

“ಕೊನೆಗೆ ಏನಾದ?”

ಟೀಚರು ಮಾತ್ರೆಯ ಪೊಟ್ಟಣ ಬಿಚ್ಚತೊಡಗಿದರು. “ಕೊನೆ ಚೆನ್ನಾಗಿಲ್ಲ ಬಿಡಿ. ಮಕ್ಕಳಿಗೂ ಅದನ್ನ ಹೇಳ್ತಿರ್ಲಿಲ್ಲ. ನಿಮಗೆ ಬೇಡ.”

“ಹೇಳಿ ಟೀಚರೇ.”

“ಬಾಯಲ್ಲಿ ಹರಸಿ ಬಂದ. ಆದ್ರೆ ಬರಿಗೈಲಿ ಹೋಗೋಕೆ ಮನಸ್ಸಾಗಲಿಲ್ಲ ಅಂತ ಕಾಣುತ್ತೆ. ಇವರನ್ನ ಶಪಿಸೋಕೆ ನನ್ನಿಂದಾಗಲ್ಲ, ಆದ್ರೆ ನಿಮ್ಮ ಹೆಣ್ಣುಮಕ್ಕಳನ್ನ ಮುಂದೆ ಬಿಟ್ಟು, ನಿಮ್ಮ ದೇವರ ಊಟಕ್ಕೆ ಕರೀರಿ, ತಾವಾಗೇ ಕೆಡ್ತಾರೆ ಅಂತ ಉಪಾಯ ಹೇಳಿಕೊಟ್ಟ. ಹಾಗೇ ಆಯ್ತು. ದೇವರ ಕೋಪಕ್ಕೆ ಸಿಕ್ಕಿ ಸಾವಿರಗಟ್ಟಲೆ ಜನ ಸತ್ರು. ಮುಂದೆ ಯುದ್ಧದಲ್ಲಿ ಅವನನ್ನೂ ಕತ್ತಿಯಿಂದ ಕೊಂದ್ರು.” ಅವರು ತಲೆಯಲ್ಲಾಡಿಸಿದರು. “ಶಾಪ ಹಾಕಿದ್ರೇ ವಾಸಿಯಿತ್ತು. ಎದುರಿಗೆ ನಿಂತು ಹಾಕಿದ್ದು ಅಂತಾದ್ರೂ ಆಗ್ತಿತ್ತು.”

ಸಾಹೇಬರು ಹೇಗೆ ಎದ್ದರೋ, ಏನು ಹೇಳಿ ಬಂದರೋ. ಮೆಟ್ಟಿಲಿಳಿಯುವಾಗ ಕೈ ಗೋಡೆ ಹಿಡಿದಿತ್ತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಹೆಂಡತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಬಾಯಿ ಬಿಡ್ತೀರೋ ಇಲ್ವೋ?” ಎಂದರು. ಸಾಹೇಬರು ಎಲ್ಲವನ್ನೂ ಹೇಳಿದರು, ಕಾಯಿದೆಯ ಮಾತು, ಡ್ರಾಯರು, ಬೀಗದ ಕೈ.

ಆಕೆ ತಮ್ಮ ಮಂಡಿಗಳ ಮೇಲೆ ಕೈಯಿಟ್ಟರು. “ಇವುಗಳ ಹೆಸರು ಹೇಳಿ ಮಾಡಿದ್ರಾ?”

“ನಿನಗೋಸ್ಕರ...”

“ನನ್ನನ್ನ ಕೇಳಿದ್ರಾ? ಒಂದ್ಮಾತು ಕೇಳಿದ್ರಾ? ಅಲ್ಲಿ ಕೂತಿದ್ದಾಗ ಕಿಟಕಿಯಿಂದ ಬಿದ್ದು ಸಾಯೋಣ ಅನ್ನಿಸ್ತಿತ್ತು ನನಗೆ. ಅದನ್ನ ಇನ್ನೊಬ್ಬಳಿಗೆ ತಂದಿಟ್ರಲ್ರೀ!” ಆಕೆ ಎದ್ದರು. ಅಂಗಳದ ಕಡೆಗಲ್ಲ, ಮೆಟ್ಟಿಲ ಕಡೆಗೆ ಹೊರಟರು.

“ಎಲ್ಲಿಗೆ? ನಿನಗೆ ಆಗಲ್ಲ ಕಣೇ. ಹತ್ತಿದ್ರೂ ಇಳಿಯೋಕಾಗಲ್ಲ.”

“ಗೊತ್ತು.”

ಒಂದೂವರೆ ಗಂಟೆ ಹಿಡಿಯಿತು. ಮೆಟ್ಟಿಲ ಕಂಬಿ ಹಿಡಿದು, ಒಂದು ಕಾಲು ಮೇಲಿಟ್ಟು, ಇನ್ನೊಂದನ್ನು ಎಳೆದುಕೊಂಡು. ಪ್ರತಿ ತಿರುವಿನಲ್ಲಿ ನೆಲಕ್ಕೆ ಕೂತು. ಸಾಹೇಬರು ಹಿಂದೆ ಹಿಂದೆ ಹತ್ತಿದರು. ಹಿಡಿದುಕೊಳ್ಳಲು ಕೈ ಚಾಚಿದಾಗಲೆಲ್ಲ ಆಕೆ ಕೊಡವಿಕೊಂಡರು. ಮೂರನೇ ಮಹಡಿ ದಾಟಿದ ಮೇಲೆ ನೋವಿಗೆ ಮುಖವೆಲ್ಲ ಬೆವೆತುಹೋಗಿತ್ತು. ಸಾಹೇಬರು ಆಗ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತರು. ಆಕೆ ಕಾಯಲಿಲ್ಲ.

ಟೀಚರು ಬಾಗಿಲು ತೆರೆದು ಗಲ್ಲದ ಮೇಲೆ ಕೈಯಿಟ್ಟರು. “ಅಯ್ಯೋ ತಂಗೀ! ಇಷ್ಟು ದಿನ ನಿನ್ನ ಬೈತಲೆ ಮಾತ್ರ ಗೊತ್ತಿತ್ತು. ಮುಖ ಹೀಗಿದೆಯಾ!” ಇಬ್ಬರೂ ತಬ್ಬಿಕೊಂಡು ನಕ್ಕರು. ಹೆಂಡತಿ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದರು. “ಹೇಳಿ,” ಎಂದರು.

ಅವರು ಹೇಳಿದರು. ನಿಂತೇ ಹೇಳಿದರು, ಒಳಗೆ ಬರಲಿಲ್ಲ. ಟೀಚರ ಮುಖದಿಂದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಕೇಳುತ್ತ ಕೇಳುತ್ತ, ತಪ್ಪಾಗಿ ಕೇಳಿಸಿರಬೇಕು ಎಂಬಂತೆ ಸ್ವಲ್ಪ ಹೊತ್ತು ಉಳಿದು, ಆಮೇಲೆ ಹೋಯಿತು. ಎಲ್ಲ ಮುಗಿದ ಮೇಲೆ ಅವರು ಬೈಯಲಿಲ್ಲ. ಮೇಷ್ಟ್ರ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. “ಆ ತರಬೇತಿಯಾದ ಆಪರೇಟರ್ ಯಾರು ಬೇಕಾದ್ರೂ ಆಗಬಹುದಾ?”

“ಸರ್ಟಿಫಿಕೇಟ್ ಇರಬೇಕು.”

“ಯಾರ ಹತ್ರ ಇದೆ?”

“ನನ್ನ ಹತ್ರ ಇದೆ,” ಎಂದರು ಸಾಹೇಬರು.

ಮಾಲೀಕ ಒಪ್ಪುವ ಗಿರಾಕಿಯಲ್ಲ. ಬಿಟ್ಟಿ ಕೂರುತ್ತೇನೆಂದರೂ, ಯಾಕೆ ಇಟ್ಟುಕೊಳ್ಳಬೇಕು ಎಂದ. ಸಾಹೇಬರು ಜೇಬಿನಿಂದ ಹೊಸದಾಗಿ ಬರೆದ ಒಂದು ಹಾಳೆ ತೆಗೆದರು. ಅದರಲ್ಲಿ ಹೀಗಿತ್ತು: ಲಿಫ್ಟು ನಿಲ್ಲಿಸುವ ಉಪಾಯ ಹೇಳಿಕೊಟ್ಟವನು ನಾನು. ಬದಲಿಗೆ ನೆಲಮಹಡಿಯ ಮನೆ ಪಡೆದವನು ನಾನು. ಹಳೆಯ ಬಾಡಿಗೆದಾರರನ್ನು ಓಡಿಸುವುದೇ ಇದರ ಉದ್ದೇಶ. ಕೆಳಗೆ ಸಹಿ. ಇದನ್ನು ಲಿಫ್ಟಿನ ಬಾಗಿಲಿಗೆ ಅಂಟಿಸಿ, ಒಂದು ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುತ್ತೇನೆ ಎಂದರು. ಮಾಲೀಕ ಹಾಳೆ ಓದಿ, “ನಿಮ್ಮ ಮಾನವೂ ಹೋಗುತ್ತಲ್ರೀ,” ಎಂದ. “ಹೋಗಲಿ,” ಎಂದರು. ಆ ಸಹಿಗೆ ಊರಿನಲ್ಲಿ ಎಷ್ಟು ಬೆಲೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲಿಫ್ಟಿನ ಬೀಗದ ಕೈ ಕೊಟ್ಟ, ಮನೆಯದನ್ನು ಕಿತ್ತುಕೊಂಡ. ಸಾಹೇಬರು ಹಾಳೆಯನ್ನು ಅಂಟಿಸಿಯೇ ಅಂಟಿಸಿದರು. ಮಾಲೀಕನನ್ನು ಹೆದರಿಸಲೆಂದಲ್ಲ, ಹಳೆಯ ಸಹಿಯೊಂದೇ ಅಲ್ಲಿ ನೇತಾಡುವುದನ್ನು ಇನ್ನು ನೋಡಲಾರದೆ.

ಹಳೆಯ ಲಿಫ್ಟ್‌ಮ್ಯಾನನ್ನು ಹುಡುಕಿಕೊಂಡು ಹೋದರು. ಅವನು ಒಂದು ಗೋದಾಮಿನ ಗೇಟಿನಲ್ಲಿದ್ದ. ಬಾರಯ್ಯಾ, ನಿನ್ನ ಜಾಗ ನಿನಗೇ ಕೊಡಿಸ್ತೀನಿ ಎಂದರೆ ಅವನು ಒಲ್ಲೆನೆಂದ. “ಅವತ್ತು ಒಂದ್ಸಲ ನಿಲ್ಲಿಸಿ ಹೇಳಿದ್ದಾಯ್ತಲ್ಲ ಸಾರ್. ಈಗ ನೀವು ಸ್ವಲ್ಪ ದಿನ ನಿಂತು ನೋಡಿ,” ಎಂದ. ಆ ಮಾತಿನಲ್ಲಿ ಕೊಂಕೇನೂ ಇರಲಿಲ್ಲ.

ಹೆಂಡತಿ ಟೀಚರ ಮನೆಯಲ್ಲೇ ಉಳಿದರು. “ತಂಗಿ ಇರ್ಲಿ,” ಎಂದಿದ್ದರು ಟೀಚರು. ತಂಗಿಯ ಗಂಡನ ವಿಷಯ ಎತ್ತಲಿಲ್ಲ. ಸಾಹೇಬರು ಆಪರೇಟರಿಗೆಂದಿದ್ದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡರು. ಕಾಲು ಚಾಚಿದರೆ ಗೋಡೆಗೆ ತಗಲುತ್ತಿತ್ತು.

ಲಿಫ್ಟು ಮತ್ತೆ ಓಡಿದ ಮೊದಲ ಬೆಳಗ್ಗೆ ಅವರು ಒಗೆದ ಅಂಗಿ ಹಾಕಿಕೊಂಡು ಐದನೇ ಮಹಡಿಗೆ ಹೋಗಿ ಜಾಲರಿ ಎಳೆದು ಕಾದರು. ಹೆಂಡತಿ ಮೊದಲು ಒಳಗೆ ಬಂದು ಮೂಲೆಗೆ ನಿಂತು, ಗಂಡನ ಅಂಗಿಯ ಕಾಲರನ್ನು ಸರಿಮಾಡಿದರು. ಹಿಂದಿನಿಂದ ಟೀಚರು ಚೌಕಟ್ಟನ್ನು ಹೆಜ್ಜೆ ಹೆಜ್ಜೆಗೂ ಎತ್ತಿಡುತ್ತ ಬಂದರು. ನಾಲ್ಕು ತಿಂಗಳ ಮೇಲೆ ಹೊರಗೆ ಹೊರಟಿದ್ದರು. ಸಾಹೇಬರು ಅವರ ಬಾಯಿಂದ ಏನಾದರೂ ಬಂದೀತೆಂದು ಕಾದರು. ಬೈಗುಳವಾದರೂ ಸಾಕಿತ್ತು. ಮೊದಲಿನಂತೆ ಒಂದು ಸಲ ‘ಸಾಹೇಬ್ರೇ’ ಎಂದರೆ ಸಾಕಿತ್ತು.

ಟೀಚರು ಬಾಗಿಲ ಕಡೆಗೆ ಮುಖ ಮಾಡಿ ನಿಂತು, ಯಾವ ಲಿಫ್ಟ್‌ಮ್ಯಾನಿಗಾದರೂ ಹೇಳುವಂತೆ ಹೇಳಿದರು. “ಕೆಳಗೆ.”

ಅವರು ಹಿಡಿಕೆ ತಿರುಗಿಸಿದರು.